ಪರದೆಯ ಹಿಂದಿನ ಕಂಪ್ಯೂಟರ್

ಕೊರಟಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನನ್ನದು ಮಿಕ್ಸಿ ರಿಪೇರಿ ಅಂಗಡಿ, ಪಕ್ಕದ್ದು ದಾಕ್ಷಾಯಣಮ್ಮನವರ ಡಿ.ಟಿ.ಪಿ. ಸೆಂಟರ್. ನಡುವೆ ಇರುವುದು ಒಂದೇ ಇಟ್ಟಿಗೆಯ ಗೋಡೆಯಾದ್ದರಿಂದ ಅವರ ಅಂಗಡಿಯ ಮಾತೆಲ್ಲ ನನ್ನ ಕಿವಿಗೆ ಬೀಳುತ್ತದೆ. ಕದ್ದು ಕೇಳುತ್ತೇನೆ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಗೋಡೆಯನ್ನು ಅಷ್ಟು ತೆಳ್ಳಗೆ ಕಟ್ಟಿಸಿದವನು ನಾನಲ್ಲ.

ದಾಕ್ಷಾಯಣಮ್ಮನವರಿಗೆ ಈಗ ಅರವತ್ತೊಂದು. ಟೈಪ್‌ರೈಟರ್ ಕಾಲದಿಂದ ಬೆರಳು ಆಡಿಸಿದವರು. ಗಂಡ ಶಂಕರಲಿಂಗಪ್ಪನವರ ಜೊತೆ ಸೇರಿ ಶುರು ಮಾಡಿದ ಅಂಗಡಿಯನ್ನು, ಅವರು ತೀರಿಕೊಂಡ ಮೇಲೂ ಹತ್ತು ವರ್ಷ ಒಬ್ಬರೇ ನಡೆಸಿಕೊಂಡು ಬಂದಿದ್ದಾರೆ. ಮದುವೆ ಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಪ್ರೆಸ್ಸಿಗೆ ಕಳಿಸುವುದು ಆಕೆಯ ಕೆಲಸ.

ಅದಕ್ಕೆ ಎರಡು ಕಂಪ್ಯೂಟರುಗಳಿದ್ದವು. ಒಂದು ಪೂರ್ವಕ್ಕೆ ಮುಖ ಮಾಡಿ ಕೂತಿತ್ತು. ಅದರ ಹಣೆಗೆ ವಿಭೂತಿ, ಕುಂಕುಮ, ಶುಕ್ರವಾರ ಒಂದು ಮೊಳ ಮಲ್ಲಿಗೆ. ಅದರಲ್ಲಿ ಶುಭದ ಕಾರ್ಡು ಮಾತ್ರ. ಇನ್ನೊಂದು ಮೂಲೆಯಲ್ಲಿ, ನೀಲಿ ಪರದೆಯ ಹಿಂದೆ. ಅದರಲ್ಲಿ ತಿಥಿ ಕಾರ್ಡು ಮಾತ್ರ. ಇದರ ಫೈಲು ಅದಕ್ಕೆ ಹೋಗುವಂತಿಲ್ಲ, ಅದರದು ಇದಕ್ಕೆ ಬರುವಂತಿಲ್ಲ. ಪೆನ್‌ಡ್ರೈವ್ ಕೂಡ ಬೇರೆ ಬೇರೆ.

"ಲಿಂಗ ಕಟ್ಟಿದ ನಿಮ್ಮೋರಿಗೆ ಸೂತಕ ಇಲ್ಲ ಅಂತೀರಲ್ಲಕ್ಕ, ಇದೇನಿದು?" ಎಂದು ನಾನು ಒಮ್ಮೆ ಕೆಣಕಿದ್ದೆ.

"ನಮಗಿಲ್ಲ ಕಣಯ್ಯ ರಾಜು, ಬರೋ ಗಿರಾಕಿಗಳಿಗೆ ಐತಲ್ಲ," ಎಂದಿದ್ದರು. ಅದೂ ನಿಜವೇ. ನಮ್ಮ ಕಡೆ ತಿಥಿ ಕಾರ್ಡನ್ನು ಹೊಸಿಲು ದಾಟಿಸದೆ ಆಚೆಯೇ ಓದಿ ಹರಿದು ಹಾಕುವವರು ಈಗಲೂ ಇದ್ದಾರೆ. ಅಂಥವರು ಮಗಳ ಲಗ್ನಪತ್ರಿಕೆಯನ್ನು ಎಂಥ ಜಾಗದಲ್ಲಿ ಮಾಡಿಸುತ್ತೇವೆ ಎಂದು ನೋಡದೆ ಇರುತ್ತಾರೆಯೇ? ಮಧುಗಿರಿ, ಮಿಡಿಗೇಶಿಯಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದುದು ಈ ಅಚ್ಚುಕಟ್ಟಿಗೇ.

ಇನ್ನೊಂದು ಕಾರಣವೂ ಇತ್ತು. ಪತ್ರಿಕೆಯ ಕೆಳಗೆ 'ತಮ್ಮ ಸುಖಾಗಮನವನ್ನು ಬಯಸುವವರು' ಎಂದು ಹೆಸರುಗಳ ಸಾಲು ಇರುತ್ತದಲ್ಲ, ಅದರಲ್ಲಿ ಯಾರು ಮೊದಲು, ಯಾರು ಆಮೇಲೆ ಎನ್ನುವುದು ಆಕೆಯ ಕೈಯಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಒಂದು ಮನೆಯ ಹೊಸ ಪತ್ರಿಕೆ ಬಂದರೆ ಹಳೆಯ ಫೈಲು ತೆರೆದು, ಆ ಸಾಲನ್ನೇ ಎತ್ತಿಕೊಂಡು, ಹೊಸ ಸೊಸೆಯರನ್ನೂ ಮೊಮ್ಮಕ್ಕಳನ್ನೂ ಸೇರಿಸುತ್ತಿದ್ದರು. ಹದಿನೆಂಟು ವರ್ಷದ ಪತ್ರಿಕೆಗಳು ಆ ಶುಭದ ಕಂಪ್ಯೂಟರಿನಲ್ಲಿದ್ದವು. ಆಕೆಯ ಮರ್ಯಾದೆಯೂ ಅದರಲ್ಲೇ ಇತ್ತು ಎನ್ನಿ.

ಹೋದ ವರ್ಷ ಆ ಕಂಪ್ಯೂಟರು ಮೊಂಡು ಹಿಡಿಯಿತು. ಆನ್ ಮಾಡಿ, ಟೀ ಕುಡಿದು, ಲೋಟ ತೊಳೆದಿಟ್ಟು ಬಂದರೂ ಏಳುತ್ತಿರಲಿಲ್ಲ. ಮಧುಗಿರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ಲೋಹಿತಾ, ದಾಕ್ಷಾಯಣಮ್ಮನ ತಂಗಿಯ ಮಗಳು, ಒಂದು ಭಾನುವಾರ ಬೆಳಿಗ್ಗೆ ಬಂದಳು. ನೋಡಿ, "ದೊಡ್ಡಮ್ಮ, ಹಳೇದನ್ನೆಲ್ಲ ಒರೆಸಿ ಹೊಸ ಆಪರೇಟಿಂಗ್ ಸಿಸ್ಟಂ ಹಾಕ್ಬೇಕು. ಮೊದ್ಲು ಫೈಲೆಲ್ಲ ತೆಗೆದಿಟ್ಕೋಬೇಕು. ಪರದೆ ಹಿಂದಿನದಕ್ಕೂ ಇದಕ್ಕೂ ಒಂದು ಕೇಬಲ್ ಹಾಕಿ ಶೇರ್ ಮಾಡಿದ್ರೆ ಅರ್ಧ ಗಂಟೆ ಕೆಲ್ಸ," ಎಂದಳು.

"ಬುಡ್ತು ಅನ್ನು! ಮದುವೆ ಪತ್ರಿಕೆನ ತಗೊಂಡೋಗಿ ತಿಥಿ ಮನೇಲಿ ಮಲಗಿಸ್ತೀಯಾ?"

"ಹಂಗಾದ್ರೆ ಎಲ್ಲಿ ಇಡೋದು?"

"ನೀನು ತಿಂಡಿ ತಿನ್ನು. ನಾನೇ ಪೆನ್‌ಡ್ರೈವ್‌ಗೆ ಹಾಕ್ಕೊಂತೀನಿ. ನೀನು ಹುಟ್ಟೋಕ್ಮುಂಚೆಯಿಂದ ಬೆರಳು ಕುಟ್ತಿದೀನಿ."

ಲೋಹಿತಾ ತಟ್ಟೆ ಇಡ್ಲಿ ತಿಂದು ಕೈ ತೊಳೆಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಅವಳು ಪೆನ್‌ಡ್ರೈವ್ ತೆರೆದು ನೋಡಿದಳು. ಊರೂರಿನ ಹೆಸರುಗಳು ಸಾಲಾಗಿ ಕಂಡವು. ಸರಿ ಎಂದು ಹಳೆಯದನ್ನು ಒರೆಸಿದಳು. ರಾಹುಕಾಲಕ್ಕೆ ಮೊದಲೇ ಮುಗಿಯಬೇಕೆಂದು ದಾಕ್ಷಾಯಣಮ್ಮ ಪಕ್ಕದಲ್ಲೇ ನಿಂತು ಶೇಕಡ ಎಷ್ಟಾಯಿತು ಎಂದು ಕೇಳುತ್ತಿದ್ದರು. ನೂರು ಮುಟ್ಟಿದಾಗ ನಿಂಬೆಹಣ್ಣು ನಿವಾಳಿಸಿದರು. ಹೊಸ ಸಿಸ್ಟಂ ಎಷ್ಟು ಚುರುಕಾಗಿತ್ತೆಂದರೆ ಬಟನ್ ಒತ್ತಿ ಕೈ ತೆಗೆಯುವ ಮೊದಲೇ ಎದ್ದು ಕೂರುತ್ತಿತ್ತು. ಕನ್ನಡ ಫಾಂಟನ್ನೂ ಹಾಕಿದ್ದಾಯಿತು.

ಆಮೇಲೆ ಪೆನ್‌ಡ್ರೈವ್ ಚುಚ್ಚಿ ಒಂದು ಹೆಸರನ್ನು ಒತ್ತಿದರೆ ತೆರೆಯಲೇ ಇಲ್ಲ. ಇನ್ನೊಂದೂ ಇಲ್ಲ. ಲೋಹಿತಾಳ ದನಿ ಸಪ್ಪಗಾಯಿತು. ದೊಡ್ಡಮ್ಮ ತುಂಬಿಕೊಂಡಿದ್ದು ಬರಿಯ ಶಾರ್ಟ್‌ಕಟ್‌ಗಳನ್ನು. ಅಂದರೆ ಬಾಗಿಲ ಮೇಲಿನ ಹೆಸರಿನ ಬೋರ್ಡು ಬಿಚ್ಚಿಕೊಂಡು, ಮನೆಯನ್ನು ಅಲ್ಲೇ ಬಿಟ್ಟು ಬಂದಂತೆ. ಮನೆ ಈಗ ನೆಲಸಮವಾಗಿತ್ತು.

"ತಪ್ಪು ನಂದೇ ದೊಡ್ಡಮ್ಮ, ಒಂದಾದ್ರೂ ತೆಗೆದು ನೋಡ್ಬೇಕಿತ್ತು," ಎಂದು ಹುಡುಗಿ ಅಳುವಂತಾದಳು. ದಾಕ್ಷಾಯಣಮ್ಮ ಆ ಹೆಸರುಗಳನ್ನೇ ಮತ್ತೆ ಮತ್ತೆ ಒತ್ತುತ್ತಿದ್ದ ಸದ್ದು ಗೋಡೆ ದಾಟಿ ಬಂತು. ತಡೆಯಲಾರದೆ ಸ್ಕ್ರೂಡ್ರೈವರ್ ಹಿಡಿದೇ ಒಳಗೆ ಹೋದೆ.

ಅಂಥ ಹೊತ್ತಿಗೇ ಚನ್ನರಾಯನದುರ್ಗದ ಬೈಲಪ್ಪ ಬರಬೇಕೆ! ಎರಡನೆಯ ಮಗಳು ಸಹನಾಳ ಮದುವೆ, ಪತ್ರಿಕೆ ಅಂದು ಸಂಜೆಯೇ ಪ್ರೆಸ್ಸಿಗೆ ಹೋಗಬೇಕು.

"ದೊಡ್ಡವಳ ಪತ್ರಿಕೇಲಿ ಇದ್ದಂಗೇ ಹಾಕ್ಬುಡಿ ಅಕ್ಕ," ಎಂದು ಕೂತುಬಿಟ್ಟ.

"ಹೆಸರು ಬರೆದುಕೊಡಪ್ಪ," ಎಂದೆ ನಾನು.

"ನಾನಾ? ಏಳು ಜನ ಅಣ್ಣತಮ್ಮಂದಿರು, ಎರಡು ತಾಯಿ ಮಕ್ಕಳು. ನಾನು ಬರೆದ್ರೆ ಮದುವೆ ದಿನ ಅರ್ಧ ಜನ ಬರಲ್ಲ, ಬಂದ ಅರ್ಧ ಜನ ನಂಗೆ ಒದೀತಾರೆ. ಅಕ್ಕ ಹಾಕಿದ್ರೆ ಯಾರೂ ಕೆಮ್ಮಲ್ಲ."

ದಾಕ್ಷಾಯಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಲೋಹಿತಾ ಪರದೆಯ ಹಿಂದಿನ ಕಂಪ್ಯೂಟರಿನಲ್ಲಿ ಬೈಲಪ್ಪನ ಮನೆಯ ಹೆಸರು ಹುಡುಕಿ ಬಂದು ಮೆಲ್ಲಗೆ ಆಕೆಯ ಕಿವಿಯಲ್ಲಿ ಹೇಳಿದಳು, ನನಗೂ ಕೇಳಿಸಿತು: "ಇವರಪ್ಪ ಕದಿರಯ್ಯನೋರ ತಿಥಿ ಕಾರ್ಡು ನೀವೇ ಮಾಡಿದ್ದಲ್ವಾ? ಅದ್ರಲ್ಲೂ ಇದೇ ಹೆಸರು, ಇದೇ ಸಾಲು ಇರುತ್ತೆ. ಎತ್ಕೊಂಡ್ಬಿಡೋಣ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲ," ಎಂದರು ದಾಕ್ಷಾಯಣಮ್ಮ. ಆಮೇಲೆ ಬೈಲಪ್ಪನ ಎದುರು ಸ್ಟೂಲು ಎಳೆದುಕೊಂಡು ಕೂತು ನಡೆದದ್ದೆಲ್ಲ ಹೇಳಿಬಿಟ್ಟರು. ಫೈಲುಗಳು ಹೋದದ್ದು, ತಮ್ಮ ಮೊಂಡುತನ, ಉಳಿದಿರುವುದು ತಿಥಿ ಕಾರ್ಡಿನ ಸಾಲೊಂದೇ ಎನ್ನುವುದು. "ನೀನು ಬೇಡ ಅಂದ್ರೆ ಬೇಡ ಕಣಪ್ಪ. ಬೇರೆ ಕಡೆ ಮಾಡಿಸ್ಕೊ, ನಾನು ಬೇಜಾರು ಮಾಡ್ಕೊಳಲ್ಲ," ಎಂದರು. ಹದಿನೆಂಟು ವರ್ಷದಲ್ಲಿ ಗಿರಾಕಿಯೊಬ್ಬನಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಬೈಲಪ್ಪ ತಲೆ ಕೆರೆದುಕೊಂಡ. ಪರದೆಯ ಕಡೆ ನೋಡಿದ. "ಆ ಮೊಮ್ಮಗಳು ಅಂದ್ರೆ ನಮ್ಮಪ್ಪಂಗೆ ಪ್ರಾಣ ಇತ್ತು ಅಕ್ಕ. ಅವನ ಕಾಗದದಿಂದ ಹೆಸರು ಬಂದ್ರೆ, ಅವನೇ ಕುಂತು ಹೇಳಿ ಬರೆಸಿದಂಗೆ ಆಯ್ತದೆ. ಮಾಡಿ."

ಪರದೆ ಸರಿಯಿತು. ಎರಡೂ ಕಂಪ್ಯೂಟರಿಗೆ ಕೇಬಲ್ ಎಳೆಯುವಾಗ ಗೋಡೆಗೆ ಮೊಳೆ ಹೊಡೆದವನು ನಾನೇ. ಲೋಹಿತಾ ಹಂಚಿಕೊಳ್ಳುವ ಫೋಲ್ಡರ್ ಮಾಡಿ, ಅದಕ್ಕೊಂದು ಹೆಸರು ಕೇಳಿದಳು. ದಾಕ್ಷಾಯಣಮ್ಮ ತಾವೇ ಕೂತು 'ಹಿರಿಯರು' ಎಂದು ಕುಟ್ಟಿದರು. ಕದಿರಯ್ಯನ ಕಾರ್ಡು ಪೂರ್ವದ ಕಂಪ್ಯೂಟರಿನಲ್ಲಿ ತೆರೆದುಕೊಂಡಿತು. 'ದುಃಖತಪ್ತ ಕುಟುಂಬವರ್ಗದವರು' ಎಂಬ ಒಂದು ಸಾಲು ಹೋಗಿ 'ತಮ್ಮ ಸುಖಾಗಮನವನ್ನು ಬಯಸುವವರು' ಎಂದಾಯಿತು. ಕೆಳಗಿನ ನಲವತ್ತೊಂದು ಹೆಸರು ಹಾಗೇ ಇದ್ದವು. ಆಮೇಲೆ ಹುಟ್ಟಿದ ಎರಡು ಕೂಸುಗಳನ್ನು ಸೇರಿಸಿದರು.

ಹುಡುಕುತ್ತಾ ಹೋದರೆ ಉಳಿದ ಮನೆಗಳ ಸಾಲುಗಳೂ ಹೆಚ್ಚುಕಮ್ಮಿ ಅಲ್ಲೇ ಇದ್ದವು. ಸಾವು ಬಾರದ ಮನೆ ಎಲ್ಲಿದೆ? ಒಂದು ವಾರ ದೊಡ್ಡಮ್ಮನೂ ಲೋಹಿತಾಳೂ ಸೇರಿ ಒಂದೊಂದಾಗಿ ಎತ್ತಿಟ್ಟರು. ಸಹನಾಳ ಮದುವೆಗೆ ಏಳು ಜನ ಅಣ್ಣತಮ್ಮಂದಿರೂ ಬಂದರು. ನಾನೂ ಹೋಗಿ ಹೋಳಿಗೆ ತಿಂದು ಬಂದೆ.

ಮುಂದಿನ ಶುಕ್ರವಾರ ಹೂವಿನವಳ ಹತ್ತಿರ ದಾಕ್ಷಾಯಣಮ್ಮ ಎರಡು ಮೊಳ ತೆಗೆದುಕೊಂಡರು. ನಾನು ಸುಮ್ಮನಿರುತ್ತೇನೆಯೇ? "ಏನಕ್ಕ, ಮೂಲೆಯದಕ್ಕೂ ಬಡ್ತಿ ಸಿಕ್ತಾ?" ಎಂದೆ.

ಆಕೆ ಪರದೆ ಇದ್ದ ಜಾಗದಲ್ಲಿ ನಿಂತು, ಹೂವನ್ನು ಕಂಪ್ಯೂಟರಿನ ಮೇಲೆ ನೇರ ಮಾಡುತ್ತಾ ಹೇಳಿದರು: "ನಮ್ಮೆಜಮಾನ್ರ ಕಾರ್ಡೂ ಇದ್ರಲ್ಲೇ ಐತೆ ಕಣಯ್ಯ. ನಾನೇ ಕುಟ್ಟಿದ್ದು, ಆಮೇಲೆ ತೆಗೆದೇ ನೋಡಿರ್ಲಿಲ್ಲ. ಒಂಬತ್ತು ವರ್ಷ ಅವರನ್ನ ಪರದೆ ಹಿಂದೆ ಕೂರಿಸ್ಬುಟ್ಟಿದ್ದೆ."