ಬಿಸಿನೀರ ಬುಗ್ಗೆಯಲ್ಲಿ ನೀರಿನ ಕಾಕಾ

ನೀರಿನ ಕಾಕಾ ಕತ್ತು ತಿರುಗಿಸುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಮೊದಲು ಬಲಗಾಲು ಎತ್ತಿಟ್ಟು, ಆಮೇಲೆ ಎಡಗಾಲು ಎಳೆದುಕೊಂಡು, ಇಡೀ ಮೈಯನ್ನೇ ತಿರುಗಿಸಿ ನಿಲ್ಲುತ್ತಿದ್ದರು. ಇಕ್ಕಟ್ಟಾದ ಓಣಿಯಲ್ಲಿ ಚಕ್ಕಡಿ ತಿರುಗಿಸಿದ ಹಾಗೆ. ಅಷ್ಟರಲ್ಲಿ ಕರೆದವರೇ ಎದುರಿಗೆ ಬಂದಿರುತ್ತಿದ್ದರು. ಬೆನ್ನು ಬಾಗುತ್ತಿರಲಿಲ್ಲ, ಮೊಣಕಾಲು ಮಡಚುತ್ತಿರಲಿಲ್ಲ. ಮನೆಯವರೆಲ್ಲ ಪಡಸಾಲೆಯಲ್ಲಿ ಕುಳಿತು ಉಣ್ಣುವಾಗ ಅವರು ಕಟ್ಟೆಯ ಮೇಲೆ ಗಂಗಾಳ ಇಟ್ಟುಕೊಂಡು ನಿಂತೇ ಉಣ್ಣುತ್ತಿದ್ದರು. ಅವರಿಗೆ ಇನ್ನೂ ಐವತ್ತೈದು ತುಂಬಿಲ್ಲ ಎಂದು ಯಾರೋ ಹೇಳಿದಾಗ ನಾನು ನಂಬಲಿಲ್ಲ.

ಕುಷ್ಟಗಿ ತಾಲೂಕಿನ ಕೆಂಪು ಮಣ್ಣಿನ ಮಸಾರಿ ಹೊಲಗಳ ನಡುವಿನ ಆ ಹಳ್ಳಿಯಲ್ಲಿ ಅವರದು ಪಂಚಾಯ್ತಿಯ ನೀರು ಬಿಡುವ ಕೆಲಸ. ಬೋರಿನ ಮೋಟಾರು ಹಾಕುವುದು, ಟ್ಯಾಂಕು ತುಂಬಿಸುವುದು, ಓಣಿಯಿಂದ ಓಣಿಗೆ ವಾಲ್ವು ತಿರುಗಿಸುವುದು. ಮಕ್ಕಳು ನೀರಿನ ಕಾಕಾ ಎನ್ನುತ್ತಿದ್ದವು, ಕೇಳಿ ಕೇಳಿ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ನಾನು ಅಲ್ಲಿಯ ಸರಕಾರಿ ಶಾಲೆಗೆ ಹೊಸದಾಗಿ ಬಂದ ಶಿಕ್ಷಕಿ. ಗಂಗಾವತಿಯವಳು. ಕಾಲುವೆ, ಭತ್ತದ ಗದ್ದೆ ನೋಡಿಕೊಂಡು ಬೆಳೆದ ನನಗೆ ನೀರಿನ ಬಗ್ಗೆ ಯೋಚಿಸಬೇಕಾದ ಪ್ರಸಂಗವೇ ಬಂದಿರಲಿಲ್ಲ.

ಬಂದ ಮೊದಲ ವಾರವೇ ಮಕ್ಕಳ ಹಲ್ಲು ನೋಡಿ ನನಗೆ ಸಿಟ್ಟು ಬಂತು. ಯಾವ ಮಗು ಬಾಯಿ ತೆರೆದರೂ ಕಂದು ಪಟ್ಟೆ, ಹಳದಿ ಕಲೆ. ಸ್ವಚ್ಛತೆಯ ಮೇಲೆ ಒಂದು ಪೂರ್ತಿ ಪಿರಿಯಡ್ ಭಾಷಣ ಬಿಗಿದೆ. ಹಲ್ಲುಪುಡಿ ತಂದು ಹಂಚಿದೆ. ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಸಾಲಾಗಿ ನಿಲ್ಲಿಸಿ ಬಾಯಿ ತೆಗೆಸಿ ನೋಡುತ್ತಿದ್ದೆ, ಕಲೆ ಹೋಗದವರನ್ನು ಹಿಂದಿನ ಸಾಲಿಗೆ ಕಳಿಸುತ್ತಿದ್ದೆ. ಹುರುಪು ಬೇಕಾದಷ್ಟಿತ್ತು, ತಿಳಿವಳಿಕೆ ಎಳ್ಳಷ್ಟೂ ಇರಲಿಲ್ಲ.

ಒಂದು ದಿನ ನೀರಿನ ಕಾಕಾ ಮೂರನೆಯ ತರಗತಿಯ ರೇಣುಕಾಳ ಕೈ ಹಿಡಿದುಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದರು. ಹುಡುಗಿಯ ತುಟಿ ಊದಿತ್ತು. ಮುಂದಿನ ಸಾಲಿಗೆ ಬರಬೇಕೆಂದು ಇಟ್ಟಂಗಿಯ ಪುಡಿಯಿಂದ ಹಲ್ಲು ತಿಕ್ಕಿ ತಿಕ್ಕಿ ಒಸಡೆಲ್ಲ ರಕ್ತ ಮಾಡಿಕೊಂಡಿದ್ದಳು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ಅಕ್ಕಾರ, ಇದು ಹೊಲಸಲ್ರಿ, ಉಜ್ಜಿದ್ರ ಹೋಗಾಕ. ಹದಿನೆಂಟು ವರ್ಷ ಈ ಊರಿಗೆ ನಾ ಬಿಟ್ಟ ನೀರ್ರಿ ಇದು” ಎಂದರು.

ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆ ಹುಡುಗಿಯನ್ನು ಹತ್ತಿರ ಕರೆದು ತಪ್ಪಾಯಿತು ಎಂದೆ. ಅವತ್ತು ಶಾಲೆ ಬಿಟ್ಟ ಮೇಲೆ ಅವರು ಗೋಡೆಗೆ ಒರಗಿ ನಿಂತು ಎಲ್ಲ ವಿವರವಾಗಿ ಹೇಳಿದರು. ಆ ಊರಿನ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಾಲುಹಲ್ಲು ಬಿದ್ದ ಮೇಲೆ ಬರುವ ಹಲ್ಲು ಒಸಡಿನ ಒಳಗೆ ಕಟ್ಟಿಕೊಳ್ಳುವಾಗಲೇ ಅದರ ಕಲೆ ಹಿಡಿಯುತ್ತದೆ, ಆಮೇಲೆ ಹೋಗುವುದಿಲ್ಲ. ಬಹಳ ವರ್ಷ ಕುಡಿದವರ ಎಲುಬಿಗೂ ಇಳಿಯುತ್ತದೆ. ನೀರು ಪರೀಕ್ಷೆ ಮಾಡಲು ಬಂದಿದ್ದ ಅಧಿಕಾರಿ ಇದನ್ನು ಹೇಳುವವರೆಗೆ ಅವರಿಗೂ ಗೊತ್ತಿರಲಿಲ್ಲ. ಕನ್ನಡಿಯಂಥ ನೀರು, ಬೇಸಿಗೆಯಲ್ಲೂ ಬತ್ತದ ಬೋರು ಎಂದು ಹೆಮ್ಮೆಯಿಂದ ಬಿಡುತ್ತಿದ್ದರಂತೆ. ಮನೆಗೆ ಬಂದವರಿಗೆಲ್ಲ ಅದೇ ನೀರು ಕೊಟ್ಟು, ತಾವೂ ಕುಡಿದಿದ್ದರು.

ನಾನು ಹೋಗುವ ಹೊತ್ತಿಗೆ ಊರಿಗೆ ಶುದ್ಧ ನೀರಿನ ಘಟಕ ಬಂದಿತ್ತು. ಆದರೆ ಫಿಲ್ಟರ್ ನೀರು ಸಪ್ಪಗೆ, ಬಾಯಿಗೆ ರುಚಿ ಹತ್ತುವುದಿಲ್ಲ ಎಂದು ಅರ್ಧ ಊರು ಹಳೆಯ ನಳದ ನೀರನ್ನೇ ಕುಡಿಯುತ್ತಿತ್ತು. ದೊಡ್ಡವರ ಜೊತೆ ಕಾಕಾ ಹೆಚ್ಚು ವಾದ ಮಾಡುತ್ತಿರಲಿಲ್ಲ. ಅವರ ಹಟವೆಲ್ಲ ಶಾಲೆಯ ಮೇಲೆ. ದಿನಾ ಬೆಳಿಗ್ಗೆ ಘಟಕದಿಂದ ತಳ್ಳುಗಾಡಿಯಲ್ಲಿ ಕ್ಯಾನು ಹೇರಿಕೊಂಡು, ಗಂಟೆ ಹೊಡೆಯುವುದರೊಳಗೆ ಮಕ್ಕಳಿಗೆ ಕುಡಿಯಲು, ಬಿಸಿಯೂಟದ ಅಡುಗೆಗೆ ನೀರು ತಂದು ಮುಟ್ಟಿಸುತ್ತಿದ್ದರು. ಅದು ಅವರ ಪಗಾರದ ಕೆಲಸವಾಗಿರಲಿಲ್ಲ. ಒಮ್ಮೆ ಘಟಕದ ಕರೆಂಟು ಹೋಗಿ ತಡವಾದಾಗ ಅಡುಗೆಯಾಕೆ ನಳದ ನೀರಿನಲ್ಲೇ ಬೇಳೆ ಇಟ್ಟುಬಿಟ್ಟಿದ್ದಳು. ಕಾಕಾ ಬಂದವರೇ ಗ್ಯಾಸು ಆರಿಸಿ ಒಲೆಯ ಮುಂದೆ ನಿಂತರು. ಮಕ್ಕಳು ಹಸಿದಿದ್ದಾರೆ, ಒಂದು ದಿನಕ್ಕೆ ಏನಾಗುತ್ತದೆ ಎಂದು ಹೆಡ್‌ಮಾಸ್ತರರು ರೇಗಿದರು. “ನನಗೂ ಒಂದೊಂದs ದಿನಾ ಆಗೇತ್ರಿ ಸರ” ಎಂದರು ಕಾಕಾ. ಬೇಳೆ ಚರಂಡಿಗೆ ಹೋಯಿತು, ಮಕ್ಕಳು ಮೂರು ಗಂಟೆಗೆ ಉಂಡರು. ಎರಡು ದಿನ ಹೆಡ್‌ಮಾಸ್ತರರು ಅವರ ಜೊತೆ ಮಾತಾಡಲಿಲ್ಲ.

ಇಂಥ ಮನುಷ್ಯ ನಮ್ಮ ಜೊತೆ ಬಿಸಿನೀರಿನ ಬುಗ್ಗೆ ನೋಡಲು ಬಂದದ್ದು ಎರಡನೆಯ ವರ್ಷ. ಭೂಮಿಯೊಳಗಿಂದ ಕುದಿಯುವಂಥ ನೀರು ತಾನಾಗಿಯೇ ಬರುತ್ತದೆ ಎಂದು ಪಾಠ ಮಾಡಿದಾಗ ಏಳನೆಯ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಕೆಳಗೆ ಉರಿ ಹಾಕುವವರು ಯಾರು ಎಂದು ಒಬ್ಬ ಕೇಳಿದ. ಹೆಡ್‌ಮಾಸ್ತರರಿಗೆ ಅವಮಾನವಾದಂತಾಗಿ, ಈ ಸಲದ ಪ್ರವಾಸ ಅಲ್ಲಿಗೇ ಎಂದು ಪಟ್ಟು ಹಿಡಿದರು. ಅವರ ಸೋದರಮಾವ ಒಮ್ಮೆ ಹೋಗಿ ಬಂದಿದ್ದ ಜಾಗ, ಘಟ್ಟ ಇಳಿದು ಕೊಂಕಣ ಸೀಮೆಯಲ್ಲಿ ಎಲ್ಲೋ ಮೂಲೆಯಲ್ಲಿದ್ದ ಹಳ್ಳಿ. ಸುದ್ದಿ ಊರಲ್ಲಿ ಹಬ್ಬಿತು. ಆ ನೀರಿಗೆ ಇಳಿದರೆ ಹಿಡಿದುಕೊಂಡ ಕೀಲು ಸಡಿಲಾಗುತ್ತವೆ ಎಂದು ಒಬ್ಬರು ಹೇಳಿದರು, ಕುಡಿದರೆ ಇನ್ನೂ ಗುಣ ಎಂದು ಮತ್ತೊಬ್ಬರು ಸೇರಿಸಿದರು. ಹೊರಡುವ ದಿನ ಮೂವತ್ತು ಮಕ್ಕಳ ಚೀಲದಲ್ಲಿ ಮೂವತ್ತು ಖಾಲಿ ಬಾಟಲಿ ಇದ್ದವು.

ಕಾಕಾನನ್ನು ಬಲವಂತ ಮಾಡಿ ಹೊರಡಿಸಿದ್ದು ಅವರ ಹೆಂಡತಿ. ಹೊಸ ಧೋತರ, ಹೊಸ ಟವೆಲ್ ಮಡಚಿ ಕೈಗೆ ಕೊಟ್ಟು, ಎಲ್ಲರ ಜೊತೆ ಕುಂತು ಉಣ್ಣುವ ಹಾಗಾಗಿ ಬರಬೇಕು ಎಂದು ನಮ್ಮೆಲ್ಲರ ಎದುರಿಗೇ ಹೇಳಿದರು. ಕಾಕಾನ ಮುಖದಲ್ಲಿ ಆಸೆ ಇತ್ತು. ನಾನು ಕಂಡೆ. ಆಮೇಲೆ ಅವರು ಬಸ್ಸಿನ ತುಂಬ ಫಿಲ್ಟರ್ ನೀರಿನ ಕ್ಯಾನು ಹೇರಿಸಿದರು. ಕಾಲಿಡಲು ಜಾಗವಿಲ್ಲವೆಂದು ಡ್ರೈವರ್ ಗೊಣಗಿದ, ನೀರಿರುವ ಜಾಗಕ್ಕೆ ನೀರು ಹೊತ್ತುಕೊಂಡು ಹೋಗುವವರನ್ನು ಇಲ್ಲೇ ನೋಡಿದ್ದು ಎಂದು ಹಂಗಿಸಿದ. ಕಾಕಾ ಅವನಿಗೂ ಒಂದು ಲೋಟ ಕುಡಿಸಿ, ಹಿಂದಿನ ಉದ್ದನೆಯ ಸೀಟಿನ ಮೇಲೆ ಮಲಗಿಕೊಂಡೇ ಬಂದರು.

ಮರುದಿನ ಬೆಳಿಗ್ಗೆ, ದೊಡ್ಡ ಹುಡುಗರ ಹೆಗಲಿಗೆ ಎರಡು ಕ್ಯಾನು ಹೊರಿಸಿ, ಬಸ್ಸು ಹೋಗದ ಕೆಮ್ಮಣ್ಣಿನ ದಾರಿಯಲ್ಲಿ ಅರ್ಧ ತಾಸು ನಡೆದು ಬುಗ್ಗೆ ಮುಟ್ಟಿದೆವು. ಕಾಕಾನಿಗೆ ಒಂದು ತಾಸು ಬೇಕಾಯಿತು. ಕಲ್ಲು ಕಟ್ಟಿದ ಮೂರು ಹೊಂಡ, ಪಕ್ಕದಲ್ಲೊಂದು ಪುಟ್ಟ ಗುಡಿ, ಸುತ್ತ ಮಾವಿನ ಮರ. ಹೆಂಗಸರ ಹೊಂಡಕ್ಕೆ ಮಾತ್ರ ಗೋಡೆ. ನೀರಿನ ಮೇಲೆ ಹಬೆ ಆಡುತ್ತಿತ್ತು. ಉರಿ ಹಾಕುವವರು ಯಾರೆಂದು ಕೇಳಿದ್ದ ಹುಡುಗ ಹೊಂಡದ ಸುತ್ತ ಎರಡು ಸುತ್ತು ಹಾಕಿ, ಒಲೆ ಎಲ್ಲೂ ಕಾಣದೆ ಪೆಚ್ಚಾಗಿ ಬಂದು ನಿಂತ. ಹೆಡ್‌ಮಾಸ್ತರರು ಅವತ್ತು ನಕ್ಕಷ್ಟು ಯಾವತ್ತೂ ನಕ್ಕಿರಲಿಲ್ಲ.

ಗುಡಿಯ ಮುಂದೆ ಹೂ ಮಾರುವ ಒಬ್ಬ ಅಜ್ಜಿ ತಾಮ್ರದ ಚರಿಗೆಯಲ್ಲಿ ಬುಗ್ಗೆಯ ನೀರು ಆರಿಸಿಟ್ಟುಕೊಂಡಿದ್ದಳು. ಮಕ್ಕಳನ್ನು ಕಂಡು ಪ್ರೀತಿಯಿಂದ ಕರೆದು ಅಂಗೈಗೆ ತೀರ್ಥ ಹಾಕಲು ಬಂದಳು. ಮಕ್ಕಳು ಸಾಲಾಗಿ ಕೈ ಒಡ್ಡಿದವು. ಕಾಕಾ ನಡುವೆ ಹೋಗಿ ನಿಂತರು. ಬುಗ್ಗೆಯ ಕಡೆಗೆ ಕೈ ಮುಗಿದರು, ಅಜ್ಜಿಗೂ ಮುಗಿದರು, ಆಮೇಲೆ ಮಕ್ಕಳಿಗೆ ಕೈ ಹಿಂದೆ ತೆಗೆಯಿರಿ ಎಂದರು. ಹೆಡ್‌ಮಾಸ್ತರರು ಕೆಂಡವಾದರು. ಪರಸ್ಥಳಕ್ಕೆ ಬಂದು ಅಲ್ಲಿಯ ದೇವರಿಗೆ ಅಪಚಾರ ಮಾಡುವುದೇ ಎಂದರು. ನನಗೂ ಕಾಕಾ ಅತಿ ಮಾಡಿದರು ಅನಿಸಿತ್ತು. ಸುತ್ತ ನಾಲ್ಕು ಜನ ಸೇರಿದರು.

ಈ ನೀರು ಎಷ್ಟು ಆಳದಿಂದ ಬರುತ್ತದೆ ಎಂದು ಅಜ್ಜಿಯನ್ನು ಕೇಳಿ ಎಂದರು ಕಾಕಾ. ಹೆಡ್‌ಮಾಸ್ತರರಿಗೆ ಅಜ್ಜಿಯ ಮರಾಠಿ ಬರುತ್ತಿತ್ತು, ಗೊಣಗುತ್ತಲೇ ಕೇಳಿದರು. ಸೀದಾ ಪಾತಾಳದಿಂದ ಎಂದಳು ಅಜ್ಜಿ ಹೆಮ್ಮೆಯಿಂದ.

“ನೋಡ್ರಿ ಸರ, ಅವರs ಹೇಳ್ಯಾರ. ನಮ್ಮ ಬೋರು ಬರೇ ಮುನ್ನೂರು ಫೂಟಿಂದು. ಅದs ನಮ್ಮನ್ನ ಹಿಂಗ ಮಾಡೇತಿ. ಇದು ಪಾತಾಳದ್ದು, ಇದರಾಗ ಏನೇನೈತೋ ಯಾರಿಗ್ಗೊತ್ತು? ಪರೀಕ್ಷಾ ಆಗೂತನಕ ಮೈಗೆ ಎಷ್ಟರ ಹಾಕ್ಕೋರಿ, ಬಾಯಿಗೆ ಬ್ಯಾಡ.”

ಹೆಡ್‌ಮಾಸ್ತರರು ಪಕ್ಕಕ್ಕೆ ಸರಿದು ನಿಂತರು. ಆ ನೀರಿನಲ್ಲಿ ಏನಿತ್ತೋ, ಏನೂ ಇರಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಜ್ಜಿಗೆ ಬೇಸರವಾಗಬಾರದೆಂದು ಕಾಕಾ ಆ ತೀರ್ಥವನ್ನು ಮಕ್ಕಳ ತಲೆಗೆ ಪ್ರೋಕ್ಷಿಸಲು ಹೇಳಿಸಿದರು. ಅವಳು ಸಂತೋಷದಿಂದಲೇ ಮಾಡಿದಳು. ಆಮೇಲೆ ಮಕ್ಕಳು ನೀರಿಗೆ ಬಿದ್ದವು. ಒಂದೂವರೆ ತಾಸು ಕಿರುಚಾಟ, ಎರಚಾಟ. ಬಾಯಾರಿದಾಗೆಲ್ಲ ಮೇಲೆ ಬಂದು ಕ್ಯಾನಿನ ನೀರು ಕುಡಿದು ಮತ್ತೆ ಇಳಿಯುತ್ತಿದ್ದವು.

ಮಕ್ಕಳೆಲ್ಲ ಮೇಲೆ ಬಂದ ಮೇಲೆ ಕಾಕಾ ಧೋತರ ಉಟ್ಟುಕೊಂಡು ಹೊಂಡದ ಅಂಚಿಗೆ ಬಂದರು. ಇಳಿಯಲು ಐದು ಮೆಟ್ಟಿಲು. ಮೊಣಕಾಲು ಮಡಚದ ಮನುಷ್ಯನಿಗೆ ಅದು ಬಾವಿಗೆ ಇಳಿದಷ್ಟು ಕಷ್ಟ. ಏಳನೆಯ ತರಗತಿಯ ನಾಲ್ವರು ಹುಡುಗರು ರಟ್ಟೆ, ಸೊಂಟ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದರು. ಎದೆಮಟ್ಟದ ನೀರಿನಲ್ಲಿ ಕಾಕಾ ಹೊಂಡದ ಕಲ್ಲಿಗೆ ಆತು ನಿಂತು ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು. ಅವರ ಮುಖ ಅಷ್ಟು ಹಗುರಾಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕಣ್ಣು ಬಿಟ್ಟು, ಕತ್ತು ತುಸು ಸಡಿಲಾದ ಹಾಗಿದೆ ಎಂದರು.

ಅಜ್ಜಿ ಮೇಲಿನಿಂದ ಏನೋ ಕೂಗಿದಳು. ಮಿಂದರೆ ಅರ್ಧ ಗುಣ, ಮೂರು ಬೊಗಸೆ ಕುಡಿದರೆ ಪೂರ್ತಿ ಗುಣವಂತೆ ಎಂದು ಹೆಡ್‌ಮಾಸ್ತರರು ತಿಳಿಸಿದರು. ಅವರ ದನಿಯಲ್ಲಿ ಈಗ ಕೋಪವಿರಲಿಲ್ಲ. ನಿಮಗೆ ಆಗಬೇಕಾದ್ದೆಲ್ಲ ಆಗಿದೆ, ಮೂರು ಬೊಗಸೆಯಿಂದ ಇನ್ನೇನು ಕೆಡುತ್ತದೆ, ಕುಡಿದು ನೋಡಿ ಎಂದು ನಿಜವಾದ ಕಳಕಳಿಯಿಂದ ಹೇಳಿದರು. ನಾನೂ ಕುಡಿಯಿರಿ ಎಂದೆ.

ಕಾಕಾ ಬೊಗಸೆ ತುಂಬಿಕೊಂಡರು. ಎದೆಯವರೆಗೆ ಎತ್ತಿದರು. ಮೆಟ್ಟಿಲ ಮೇಲೆ ಮೂವತ್ತು ಮಕ್ಕಳು ಒದ್ದೆ ಬಟ್ಟೆಯಲ್ಲಿ ನಿಂತು ನೋಡುತ್ತಿದ್ದವು. ಕಾಕಾ ಬೊಗಸೆಯ ನೀರು ನೋಡಿದರು, ಮಕ್ಕಳನ್ನು ನೋಡಿದರು. ಆಮೇಲೆ ಬೆರಳು ಸಡಿಲ ಮಾಡಿದರು.

“ಇವತ್ತ ನಾ ಕುಡಿದ್ರ ನಾಳೆ ಇವು ಕುಡೀತಾವ್ರಿ ಸರ” ಎಂದು ಹುಡುಗರ ಕಡೆಗೆ ಕೈ ಚಾಚಿದರು. “ಎತ್ರೋ ನನ್ನ ಮ್ಯಾಲ.”

ನನಗೆ ಅಲ್ಲಿ ನಿಲ್ಲಲಾಗದೆ ಗುಡಿಯ ಹಿಂದೆ ಹೋಗಿ ಅತ್ತೆ. ಮಕ್ಕಳು ಬಾಟಲಿಗಳನ್ನು ಮಾತ್ರ ತುಂಬಿಸಿಕೊಂಡವು, ಮನೆಯ ಹಿರಿಯರ ಮೊಣಕಾಲಿಗೆ ಹಾಕಲು. ಪ್ರತಿಯೊಂದರ ಮೇಲೂ ‘ಮೈಗೆ ಮಾತ್ರ’ ಎಂದು ನನ್ನ ಕೈಯಿಂದ ಕಾಕಾ ಬರೆಸಿದರು.

ಕಾಕಾನ ಕತ್ತಿನ ಆ ಸಡಿಲ ಊರು ಮುಟ್ಟುವವರೆಗೂ ಉಳಿಯಲಿಲ್ಲ. ಆದರೆ ಪ್ರವಾಸ ಬೇರೊಂದು ಕೆಲಸ ಮಾಡಿತು. ಕಾಕಾ ಬೊಗಸೆ ಬಿಟ್ಟದ್ದನ್ನು ಮೂವತ್ತು ಮಕ್ಕಳು ಮೂವತ್ತು ಮನೆಯಲ್ಲಿ ಹೇಳಿದವು. ಘಟಕದ ಮುಂದೆ ಬೆಳಿಗ್ಗೆ ಕೊಡಗಳ ಸಾಲು ಉದ್ದವಾಯಿತು. ಫಿಲ್ಟರ್ ನೀರಿಗೆ ರುಚಿ ಇಲ್ಲ ಎನ್ನುತ್ತಿದ್ದವರು ಹಾಗೆ ಅನ್ನುತ್ತಲೇ ಒಯ್ಯತೊಡಗಿದರು.

ಅವರು ತೀರಿಕೊಂಡದ್ದು ಮೂರು ವರ್ಷದ ನಂತರ, ಜ್ವರ ಬಂದು ಎಂಟೇ ದಿನದಲ್ಲಿ. ಅವರ ಮನೆತನದಲ್ಲಿ ಸತ್ತವರನ್ನು ಕಾಲು ಮಡಚಿ ಕೂರಿಸಿ ಮಣ್ಣು ಮಾಡುವ ಪದ್ಧತಿ. ಕುಣಿಯನ್ನು ಆ ಅಳತೆಗೇ ತೋಡಿದ್ದರು. ಎಷ್ಟು ಪ್ರಯತ್ನಪಟ್ಟರೂ ಕಾಲು ಮಡಚಲಿಲ್ಲ. ಇನ್ನಷ್ಟು ಬಲ ಹಾಕಿ ಎಂದು ಹಿರಿಯರೊಬ್ಬರು ಹೇಳಿದರು. ಆಗ ಅವರ ಹೆಂಡತಿ ಹೆಂಗಸರ ಗುಂಪಿನಿಂದ ಎದ್ದು ಮುಂದೆ ಬಂದರು.

“ಜೀವಂತ ಇದ್ದಾಗ ಮಡಚದ ಕಾಲು ಈಗ್ಯಾಕ ಮುರೀತೀರಿ? ಕುಣಿ ಅಗಲ ಮಾಡ್ರಿ.”

ಮಾಡಿದರು. ಕಾಲು ನೀಡಿಕೊಂಡೇ ಕಾಕಾ ಮಣ್ಣಿಗೆ ಹೋದರು.

ಮರುದಿನ ಬೆಳಿಗ್ಗೆ ನಾನೂ ಹೆಡ್‌ಮಾಸ್ತರರೂ ಘಟಕಕ್ಕೆ ಹೋಗಿ ಕ್ಯಾನು ತುಂಬಿಕೊಂಡು ತಳ್ಳುಗಾಡಿ ತಳ್ಳಿದೆವು. ಮೋಟಾರು ಕೆಟ್ಟರೆ ಪಂಚಾಯ್ತಿಯ ಮುಂದೆ ಹೋಗಿ ನಿಲ್ಲುವುದು, ಫಿಲ್ಟರ್ ಬದಲಿಸುವವರೆಗೆ ಅಲ್ಲಿಂದ ಕದಲದಿರುವುದು ಈಗ ನನಗೆ ಅಭ್ಯಾಸವಾಗಿದೆ. ಗಂಗಾವತಿಗೆ ವರ್ಗ ಕೇಳುವ ಅರ್ಜಿಯನ್ನು ಆ ವರ್ಷ ನಾನು ತುಂಬಲಿಲ್ಲ, ಮುಂದಿನ ವರ್ಷವೂ ತುಂಬಲಿಲ್ಲ. ಯಾವಾಗ ಬರುತ್ತೀಯ ಎಂದು ಅಕ್ಕ ಫೋನಿನಲ್ಲಿ ಕೇಳುತ್ತಿರುತ್ತಾಳೆ. ಈ ಸಲ ಒಂದನೆಯ ತರಗತಿಗೆ ಹದಿನೇಳು ಮಕ್ಕಳು ಸೇರಿದ್ದಾರೆ, ಎಲ್ಲರದೂ ಇನ್ನೂ ಹಾಲುಹಲ್ಲು, ಮುಂದಿನ ಹಲ್ಲು ಒಸಡಿನೊಳಗೇ ಇವೆ ಎಂದು ಹೇಳುತ್ತೇನೆ.