ನೋಡುತ್ತ ಕೂತಿದ್ದವನು

ನಮ್ಮ ಫ್ಯಾನ್ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದು ಹೋದ ಮನುಷ್ಯನೊಬ್ಬನ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಇತ್ತು. ಅವನೇನು ದೊಡ್ಡ ಮನುಷ್ಯನಲ್ಲ. ಪೇಪರಿನಲ್ಲಿ ಹೆಸರು ಬಂದವನಲ್ಲ. ನಲವತ್ತು ದಾಟಿತ್ತು, ಮದುವೆ ಆಗಿರಲಿಲ್ಲ, ವಿಶ್ವವಿದ್ಯಾಲಯದಲ್ಲಿ ಇನ್ನೂ ಓದುತ್ತಿದ್ದ. ಆ ವಯಸ್ಸಿನಲ್ಲಿ ಏನು ಓದು ಅಂತ ನೀವು ಕೇಳಬಹುದು. ನಾನೂ ಅದನ್ನೇ ಕೇಳಿದ್ದೆ.

ಒಂದು ಬೆಳಿಗ್ಗೆ ಮ್ಯಾನೇಜರ್ ಅವನನ್ನು ಜೊತೆಯಲ್ಲಿ ಕರೆತಂದು, "ಮೇಸ್ತ್ರಿ, ಇವರು ನಮ್ಮಲ್ಲಿ ಸಂಶೋಧನೆ ಮಾಡ್ತಾರೆ. ಕೂರೋಕೆ ಒಂದು ಜಾಗ ಮಾಡಿಕೊಡಿ" ಎಂದರು.

"ಫ್ಯಾನ್ ಮೇಲಾ ಸಾರ್?"

"ಅಲ್ಲ ಕಣ್ರೀ. ನಿಮ್ಮ ಮೇಲೆ."

ನನಗೆ ಅಲ್ಲೇ ರೇಗಿತು. ಇಪ್ಪತ್ತು ವರ್ಷದಿಂದ ಈ ವಿಭಾಗ ನಡೆಸುತ್ತಿದ್ದೇನೆ, ನನ್ನ ಮೇಲೆ ಸಂಶೋಧನೆ ಮಾಡಲು ನಾನೇನು ಪ್ರಯೋಗಶಾಲೆಯ ಇಲಿಯೇ? ಮ್ಯಾನೇಜರ್ ಹೋದ ಮೇಲೆ ಅದನ್ನೇ ಮುಖಕ್ಕೆ ಹೇಳಿದೆ. ಅವನು ಸಿಟ್ಟಾಗಲಿಲ್ಲ. ನಿಧಾನಕ್ಕೆ, ನನಗೆ ಅರ್ಥವಾಗುವ ಹಾಗೆ ಹೇಳಿದ. ಒಂದೇ ಥರದ ಸಾಮಾನು, ಒಂದೇ ಥರದ ಜನ, ಒಂದೇ ಸಂಬಳ ಇದ್ದರೂ ಒಂದು ಕಡೆ ಕೆಲಸ ಚೆನ್ನಾಗಿ ಆಗುತ್ತದೆ, ಇನ್ನೊಂದು ಕಡೆ ಆಗುವುದಿಲ್ಲ. ಯಾಕೆ? ಯಾರು ಯಾವ ಕೆಲಸ ಮಾಡಬೇಕೆಂದು ಮೇಲಿನವರು ಹೇಳಿದರೆ ಒಳ್ಳೆಯದೋ, ಮಾಡುವವರೇ ಮಾತಾಡಿಕೊಂಡು ಹಂಚಿಕೊಂಡರೆ ಒಳ್ಳೆಯದೋ? ಇಷ್ಟೇ ಅವನ ಪ್ರಶ್ನೆ. ಇದಕ್ಕೆ ಆರು ವರ್ಷದಿಂದ ಮಣ್ಣು ಹೊರುತ್ತಿದ್ದ.

ಅದಕ್ಕಾಗಿ ನಮ್ಮಲ್ಲಿ ಎರಡು ಸಾಲು ಮಾಡಿದರು. ಮೊದಲನೇ ಸಾಲಿನವರು ಒಂದು ದೊಡ್ಡ ಮೇಜಿನ ಸುತ್ತ ಕೂತು, ತಂತಿ ಸುತ್ತುವುದರಿಂದ ಹಿಡಿದು ರೆಕ್ಕೆ ಕೂರಿಸುವ ತನಕ ಯಾರು ಏನು ಮಾಡಬೇಕೆಂದು ತಾವೇ ತೀರ್ಮಾನಿಸಬೇಕು. ಎರಡನೇ ಸಾಲು ಹಳೇ ಪದ್ಧತಿ. ನಾನು ಹೇಳಿದ ಹಾಗೆ, ಒಬ್ಬರಿಗೆ ಒಂದೇ ಕೆಲಸ. ಅವನು ಎರಡೂ ಸಾಲು ಕಾಣುವ ಹಾಗೆ ಕಿಟಕಿಯ ಕೆಳಗೆ, ರಟ್ಟಿನ ಪೆಟ್ಟಿಗೆಗಳ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತ.

ಕೂತ ಅಂದರೆ ಕೂತ. ಬೆಳಿಗ್ಗೆ ನಮಗಿಂತ ಮುಂಚೆ ಬರುವುದು, ಸಂಜೆ ನಮ್ಮ ನಂತರ ಎದ್ದು ಹೋಗುವುದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವುದು. ಎರಡನೇ ಸಾಲಿನಲ್ಲಿ ರೆಕ್ಕೆ ಜೋಡಿಸುವ ಕುಳ್ಳ ಮೊದಲ ವಾರವೇ ಅವನಿಗೆ ಗೂಬೆ ಅಂತ ಹೆಸರಿಟ್ಟ. ಆಮೇಲೆ ಹೆಂಗಸರು ಅದು ಚೆನ್ನಾಗಿಲ್ಲ ಎಂದು ಡಾಕ್ಟರಪ್ಪ ಅಂತ ಮಾಡಿದರು. ಇನ್ನೂ ಡಾಕ್ಟರೇಟ್ ಬಂದಿಲ್ಲವಲ್ಲ ಅಂದರೆ, ಕರೀತಾ ಇದ್ದರೆ ಬರುತ್ತೆ ಬಿಡಿ ಎಂದರು.

ಅವನು ಯಾರ ಜೊತೆಯೂ ಬೆರೆಯುತ್ತಿರಲಿಲ್ಲ. ಸೊಕ್ಕು ಅಂದುಕೊಂಡೆವು. ತನ್ನ ಮಗಳು ಪರೀಕ್ಷೆ ಪಾಸಾದಾಗ ಕುಳ್ಳ ಎಲ್ಲರಿಗೂ ಸಿಹಿ ಹಂಚುತ್ತ ಅವನ ಹತ್ತಿರವೂ ಹೋದ. ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡು, ಬೇಡ ಎಂದ. ಡಬ್ಬಿಯನ್ನು ಮಾತ್ರ ನೋಡುತ್ತಲೇ ಇದ್ದ. ನನಗೆ ಪಿತ್ತ ನೆತ್ತಿಗೇರಿತು.

"ಏನ್ ಸಾರ್, ನಮ್ಮ ಕೈಯಿಂದ ತಿಂದರೆ ಮೈಲಿಗೆಯಾ?"

ಅವನ ಮುಖ ಬಿಳುಚಿಕೊಂಡಿತು. "ಅಯ್ಯೋ, ಹಾಗಲ್ಲ ಮೇಸ್ತ್ರಿ. ನಮ್ಮ ಪ್ರೊಫೆಸರ್ ನಿಯಮ ಅದು. ನಾನು ನಿಮ್ಮ ಜೊತೆ ಕೂತು ತಿಂದು, ನಕ್ಕು ಮಾತಾಡಿದರೆ ನೀವು ನನಗೋಸ್ಕರ ಬೇರೆ ಥರ ಕೆಲಸ ಮಾಡ್ತೀರಿ. ಆಗ ಲೆಕ್ಕ ಕೆಡುತ್ತೆ. ನಾನು ಇಲ್ಲಿ ಇದ್ದೂ ಇಲ್ಲದ ಹಾಗೆ ಇರಬೇಕು."

"ಗೋಡೆ ಥರ."

"ಹೂಂ. ಗೋಡೆ ಥರ."

ಹಾಗೇ ಇದ್ದ. ಮಧ್ಯಾಹ್ನ ನಾವೆಲ್ಲ ಡಬ್ಬಿ ಬಿಚ್ಚಿ, ಒಬ್ಬರ ಪಲ್ಯ ಇನ್ನೊಬ್ಬರಿಗೆ ಕೊಟ್ಟು, ಯಾರ ಹೆಂಡತಿ ಉಪ್ಪು ಜಾಸ್ತಿ ಹಾಕುತ್ತಾಳೆ ಅಂತ ಜಗಳ ಆಡುತ್ತಿದ್ದರೆ, ಅವನು ಪೆಟ್ಟಿಗೆಗಳ ಹಿಂದೆ ಹೋಗಿ ಬೆನ್ನು ಮಾಡಿ ಕೂತು ಬ್ರೆಡ್ಡು ತಿನ್ನುತ್ತಿದ್ದ. ನಗು ಜೋರಾದಾಗ ಅಗಿಯುವುದನ್ನು ನಿಲ್ಲಿಸುತ್ತಿದ್ದ. ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು, ಕಿವಿ ಇಲ್ಲೇ ಇದೆ ಎಂದು. ಊಟ ಆದ ಮೇಲೆ ಉಗ್ರಾಣದ ಹಿಂದಿನ ನಲ್ಲಿ ಹತ್ತಿರ ನಿಂತು ಫೋನಿನಲ್ಲಿ ಊರಲ್ಲಿದ್ದ ತನ್ನ ಅಕ್ಕನ ಜೊತೆ ಮಾತಾಡುತ್ತಿದ್ದ. ದಿನದಲ್ಲಿ ಅವನು ಬಾಯಿ ಬಿಡುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ.

ಮೊದಮೊದಲು ಎರಡು ಸಾಲಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಇವತ್ತು ಇದು ಮುಂದೆ, ನಾಳೆ ಅದು. ಆಮೇಲೆ, ಬೇಸಿಗೆ ಶುರುವಾಗುವ ಹೊತ್ತಿಗೆ, ಮೊದಲನೇ ಸಾಲು ಏರತೊಡಗಿತು. ಬೆಲ್ ಹೊಡೆಯುವ ಮುಂಚೆ ಬಂದು ಸ್ಕ್ರೂ, ಬೇರಿಂಗು ಎಲ್ಲ ವಿಂಗಡಿಸಿ ಇಟ್ಟುಕೊಳ್ಳುತ್ತಿದ್ದರು. ಟೀ ಕುಡಿಯಲು ಏಳುತ್ತಿರಲಿಲ್ಲ. ಒಂದು ಫ್ಯಾನೂ ಪರೀಕ್ಷೆಯಲ್ಲಿ ಫೇಲಾಗಿ ವಾಪಸ್ ಬರುತ್ತಿರಲಿಲ್ಲ. ಎರಡನೇ ಸಾಲು ಮಾತ್ರ ದಿನಾ ಇಳಿಯುತ್ತಿತ್ತು. ಕಿಟಕಿಯ ಕೆಳಗೆ ಡಾಕ್ಟರಪ್ಪನ ಮುಖಕ್ಕೆ ಕಳೆ ಬಂತು. ಒಂದು ದಿನ ಅವನು ಶಿಳ್ಳೆ ಹಾಕಿದ್ದನ್ನು ಕೂಡ ಕೇಳಿದೆ. ಹಾಕಿ, ಗೋಡೆ ಶಿಳ್ಳೆ ಹಾಕಬಾರದು ಎಂದು ನೆನಪಾಯಿತೇನೋ, ತಟ್ಟನೆ ನಿಲ್ಲಿಸಿದ.

ಹೀಗಿರುವಾಗ ಮ್ಯಾನೇಜರ್ ನನ್ನನ್ನು ಮೇಲೆ ಕರೆಸಿದರು. "ಎರಡನೇ ಸಾಲಿನ ಗತಿ ನೋಡಿದ್ದೀರಾ? ಸಂಶೋಧಕರ ಲೆಕ್ಕ ಸ್ಪಷ್ಟವಾಗಿದೆ. ಆ ಸಾಲನ್ನ ಒಡೆದು ಹಾಕಿ, ಅರ್ಧ ಜನರನ್ನ ಬೇರೆ ಘಟಕಕ್ಕೆ ಕಳಿಸ್ತೀನಿ" ಎಂದರು.

ಮೆಟ್ಟಿಲನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ಸೀದಾ ಎರಡನೇ ಸಾಲಿನ ಮುಂದೆ ನಿಂತು ಶುರು ಮಾಡಿದೆ. "ಏನ್ರಯ್ಯಾ, ಕೈಗೆ ಲಕ್ವ ಹೊಡೆದಿದೆಯಾ ನಿಮಗೆ? ಆ ಕಡೆ ಅವರು ಮನುಷ್ಯರಲ್ವಾ? ನನ್ನ ಮಾನ ಕಳೆಯೋಕೇ ಹುಟ್ಟಿದ್ದೀರೇನು? ಲೇ ಕುಳ್ಳ, ನಿನ್ನೇ ಕೇಳ್ತಿರೋದು! ಒಂದು ರೆಕ್ಕೆಗೆ ಅರ್ಧ ದಿನ ಬೇಕಾ ನಿನಗೆ?"

ಕುಳ್ಳ ಸ್ಪ್ಯಾನರ್ ಕೆಳಗಿಟ್ಟ. "ಸುಮ್‌ಸುಮ್ನೆ ಬೈಬೇಡಿ ಮೇಸ್ತ್ರಿ. ನಿಧಾನ ಮಾಡೋದು ಎಷ್ಟು ಕಷ್ಟ ಗೊತ್ತಾ ನಿಮಗೆ? ಕೈ ತಾನಾಗೇ ಓಡುತ್ತೆ. ಹಿಡಿದು ಹಿಡಿದು ಭುಜ ನೋವು ಬಂದಿದೆ."

"ನಿಧಾನ ಮಾಡು ಅಂತ ಯಾವನು ಹೇಳಿದ್ದು?"

ಎಲ್ಲರ ಕಣ್ಣೂ ಮೊದಲನೇ ಸಾಲಿನಲ್ಲಿ ತಂತಿ ಸುತ್ತುವ ಅಕ್ಕನ ಕಡೆ ಹೋಯಿತು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಇಡೀ ಕಾರ್ಖಾನೆಗೆ ಅಕ್ಕ.

"ಯಾವನೂ ಅಲ್ಲ, ಯಾವಳು ಅಂತ ಕೇಳಪ್ಪ" ಎಂದರು ಅಕ್ಕ, ಕೈ ನಿಲ್ಲಿಸದೆ. "ನಾನೇ ಹೇಳಿದ್ದು. ಆ ಹುಡುಗ ನಲ್ಲಿ ಹತ್ತಿರ ಅವರಕ್ಕನ ಜೊತೆ ಮಾತಾಡೋದು ಕಿವಿಗೆ ಬಿತ್ತು. ಎರಡು ಸಾಲಿಗೂ ವ್ಯತ್ಯಾಸ ಕಾಣಿಸದಿದ್ರೆ ಬರೆಯೋಕೆ ಏನೂ ಇರಲ್ವಂತೆ. ಈ ವರ್ಷ ಬರೆದು ಕೊಡದಿದ್ರೆ ಹೆಸರೇ ತೆಗೆದು ಹಾಕ್ತಾರಂತೆ. ಅಳ್ತಿದ್ದ ಕಣಪ್ಪ. ಅದಕ್ಕೆ, ನಾವು ಸ್ವಲ್ಪ ಬೇಗ ಮಾಡ್ತೀವಿ, ನೀವು ಸ್ವಲ್ಪ ನಿಧಾನ ಮಾಡಿ ಅಂದೆ. ತಪ್ಪಾ?"

"ತಪ್ಪಾ ಅಂತ ಬೇರೆ ಕೇಳ್ತೀರಲ್ಲ ಅಕ್ಕ! ನನಗೆ ಯಾಕೆ ಹೇಳಲಿಲ್ಲ?"

"ನಿನಗೆ ಹೇಳಿದ್ರೆ ಊರಿಗೆಲ್ಲ ಕೇಳಿಸುತ್ತೆ. ನೋಡು, ಈಗ ಕೇಳಿಸಿಲ್ವಾ?"

ತಿರುಗಿ ನೋಡಿದೆ. ಡಾಕ್ಟರಪ್ಪ ಕಿಟಕಿಯ ಕೆಳಗಿನಿಂದ ಎದ್ದು ಬಂದು ಮೇಜಿನ ಹತ್ತಿರ ನಿಂತಿದ್ದ. ಅಷ್ಟು ದಿನದಲ್ಲಿ ಅವನು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

"ಬೆಲ್ಲಿಗಿಂತ ಮುಂಚೆ ಬರ್ತಿದ್ದಿದ್ದು?" ಎಂದು ಕೇಳಿದ.

"ನಿಮಗೋಸ್ಕರಾನೇ ಸಾರ್" ಎಂದ ಯಾರೋ.

"ಟೀ ಬಿಟ್ಟಿದ್ದು?"

"ಅದೂನೂ."

"ನಾನು... ಕೆಲಸ ತಮ್ಮದೇ ಅನ್ನಿಸಿದಾಗ ಜನರಿಗೆ ದಣಿವು ಗೊತ್ತಾಗಲ್ಲ ಅಂತ ಬರೆದಿದ್ದೆ."

"ಅದೂ ಚೆನ್ನಾಗೇ ಇದೆ ಸಾರ್" ಎಂದ ಕುಳ್ಳ. "ಅದನ್ನೇ ಇಟ್ಕೊಳ್ಳಿ."

ಒಂದಿಬ್ಬರು ನಕ್ಕರು. ಅವನೂ ನಗಲು ಹೋದ, ಆಗಲಿಲ್ಲ. ಅಕ್ಕನಿಗೆ ಕೈ ಮುಗಿದು ಹೊರಗೆ ಹೋದ. ಸಂಜೆಯ ತನಕ ಬರಲಿಲ್ಲ. ಮಾರನೇ ದಿನವೂ ಕಿಟಕಿಯ ಕೆಳಗೆ ಯಾರೂ ಇರಲಿಲ್ಲ. ಗೋಡೆಯೊಂದು ಬಿದ್ದುಹೋದ ಹಾಗೆ ಇಡೀ ವಿಭಾಗಕ್ಕೆ ಇರುಸುಮುರುಸು.

ಎರಡನೇ ದಿನ ಕೆಲಸ ಬಿಟ್ಟ ಮೇಲೆ ನಾನೇ ವಿಳಾಸ ಹುಡುಕಿಕೊಂಡು ಅವನ ಕೋಣೆಗೆ ಹೋದೆ. ಟೈಲರ್ ಅಂಗಡಿಯ ಮೇಲೆ, ಮೂರನೇ ಮಹಡಿ. ಒಂದು ಮಂಚ, ಒಂದು ತಟ್ಟೆ, ಒಂದು ಲೋಟ, ಒಂದೇ ಕುರ್ಚಿ. ಎರಡನೆಯವರು ಬಂದರೆ ಎಲ್ಲಿ ಕೂರುತ್ತಾರೆ ಎನ್ನುವ ಯೋಚನೆಯೇ ಆ ಕೋಣೆಗೆ ಯಾವತ್ತೂ ಬಂದಂತಿರಲಿಲ್ಲ. ಕುರ್ಚಿಯ ಮೇಲೆ ಪುಸ್ತಕ ಹೇರಿತ್ತು. ಅವನು ಗಡಿಬಿಡಿಯಲ್ಲಿ ಅವನ್ನೆಲ್ಲ ನೆಲಕ್ಕೆ ಇಳಿಸಿ ನನ್ನನ್ನು ಕೂರಿಸಿದ. ಇದ್ದ ಒಂದು ಲೋಟದಲ್ಲಿ ನನಗೆ ಟೀ ಕೊಟ್ಟು ತಾನು ಮಂಚದ ಅಂಚಿಗೆ ಕೂತ.

"ನೋಡಿ ಸಾರ್" ಎಂದೆ, "ಕಾರ್ಖಾನೆ ಮಾತು ಕಾರ್ಖಾನೆಯಲ್ಲೇ ಇರುತ್ತೆ. ನೀವು ಏನೂ ಕೇಳಿಸ್ಕೊಂಡಿಲ್ಲ, ನಾವು ಏನೂ ಹೇಳಿಲ್ಲ. ಇರೋ ಲೆಕ್ಕ ಬರೆದು ಕೊಟ್ಟುಬಿಡಿ."

"ಕೊಟ್ಟರೆ ಎರಡನೇ ಸಾಲು ಹೋಗುತ್ತಲ್ಲ. ಮ್ಯಾನೇಜರ್ ನನಗೂ ಹೇಳಿದ್ದಾರೆ."

"ಅದನ್ನ ನಾನು ನೋಡ್ಕೋತೀನಿ. ಮ್ಯಾನೇಜರ್ ಹತ್ತಿರ ಕೂಗಾಡ್ತೀನಿ, ಅದೇನು ಹೊಸದಾ ನನಗೆ?"

ಅವನು ತಲೆ ಅಲ್ಲಾಡಿಸಿದ. ಆಮೇಲೆ ತನ್ನ ಅಪ್ಪನ ವಿಷಯ ತೆಗೆದ. ಅಪ್ಪ ಒಂದು ಬಟ್ಟೆ ಮಿಲ್ಲಿನಲ್ಲಿ ಗುಮಾಸ್ತ. ಇವನು ಹೈಸ್ಕೂಲಿನಲ್ಲಿದ್ದಾಗ ಮಿಲ್ಲು ಮುಚ್ಚಿತು. "ಯಾಕೆ ಮುಚ್ಚಿತು ಅಂತ ಯಾರೂ ನಿಜ ಹೇಳಲಿಲ್ಲ ಮೇಸ್ತ್ರಿ. ಮಾಲೀಕರು ಕೆಲಸಗಾರರಿಂದ ಅಂದ್ರು. ಕೆಲಸಗಾರರು ಮಾಲೀಕರಿಂದ ಅಂದ್ರು. ನಮ್ಮಪ್ಪ ಸಾಯೋ ತನಕ ಅದನ್ನೇ ಯೋಚನೆ ಮಾಡ್ತಾ ಕೂತಿರ್ತಿದ್ರು. ನಮ್ಮಕ್ಕ ತನ್ನ ಓದು ಬಿಟ್ಟು ನನ್ನ ಓದಿಸಿದಳು. ಕಾರಣ ಹುಡುಕೋಕೆ ಅಂತ ಹೊರಟವನು ನಾನು. ನಾನೇ ಒಂದು ಸುಳ್ಳು ಕಾರಣ ಬರೆದಿಟ್ಟರೆ, ನಾಳೆ ಅದನ್ನ ನಂಬಿ ಇನ್ಯಾರೋ ಇನ್ನೆಲ್ಲೋ ಒಂದು ಸಾಲು ಒಡೀತಾರೆ."

"ಹಾಗಾದ್ರೆ ನಡೆದಿದ್ದನ್ನೇ ಬರೀರಿ."

"ಪ್ರೊಫೆಸರಿಗೆ ಹೇಳಿದೆ. ಕತೆ ಬರೆಯೋ ಹಾಗಿದ್ರೆ ಬೇರೆ ವಿಭಾಗಕ್ಕೆ ಹೋಗು ಅಂದ್ರು. ಇಲ್ಲಾ ಬೇರೆ ಕಡೆ ಮೊದಲಿಂದ ಶುರು ಮಾಡು ಅಂದ್ರು. ಗಡುವು ಇರೋದು ಮುಂದಿನ ತಿಂಗಳ ಕೊನೆ ತನಕ."

ನನಗೆ ತಡೆಯಲಾಗಲಿಲ್ಲ. ಸಾರ್ ಗೀರ್ ಅನ್ನುವುದೆಲ್ಲ ಮರೆತುಹೋಯಿತು. "ಹುಚ್ಚಪ್ಪ ಕಣೋ ನೀನು! ಆರು ವರ್ಷ! ನಿಮ್ಮಕ್ಕನಿಗೆ ಏನು ಹೇಳ್ತೀಯ? ಅಷ್ಟು ಜನ ನಿನಗೋಸ್ಕರ ಟೀ ಬಿಟ್ಟು ದುಡಿದರಲ್ಲ, ಅವರಿಗೆ ಏನು ಹೇಳ್ತೀಯ?"

ಕೆಳಗೆ ಹೊಲಿಗೆ ಯಂತ್ರ ಓಡುವುದು, ನಿಲ್ಲುವುದು, ಮತ್ತೆ ಓಡುವುದು ಕೇಳಿಸುತ್ತಿತ್ತು.

"ಅದೇ ಮೇಸ್ತ್ರಿ" ಎಂದ. "ನಾಲ್ಕು ತಿಂಗಳು ಅಷ್ಟು ಜನ ನನ್ನ ಬಗ್ಗೆ ಯೋಚನೆ ಮಾಡಿದ್ದಾರೆ. ನನ್ನ ಕಣ್ಣೆದುರಿಗೇ. ನೋಡೋದೇ ನನ್ನ ಕೆಲಸ. ನನಗೆ ಕಾಣಿಸಲೇ ಇಲ್ಲ."

ಟೀ ಮುಗಿಸಿ, ಲೋಟ ತೊಳೆದಿಟ್ಟು ಬಂದೆ.

ಮುಂದಿನ ವಾರ ಅವನು ಮ್ಯಾನೇಜರ್ ಕೋಣೆಗೆ ಹೋಗಿ, ಎರಡು ಸಾಲಿನ ಲೆಕ್ಕವನ್ನೂ ನಂಬಬೇಡಿ, ಎರಡನೇ ಸಾಲಿನವರು ಯಾರಿಗೂ ಕಡಿಮೆ ಇಲ್ಲ ಎಂದು ಬಾಯಿಬಿಟ್ಟು ಹೇಳಿದ. ಮ್ಯಾನೇಜರ್ ಗೊಣಗಿದರು, ಆದರೆ ಸಾಲು ಉಳಿಯಿತು. ಗಡುವು ಬಂತು, ಹೋಯಿತು. ವಿಶ್ವವಿದ್ಯಾಲಯದವರು ಹೆಸರು ತೆಗೆದರು. ದೂರದ ಊರಲ್ಲಿ ಯಾವುದೋ ಸಣ್ಣ ಕಾಲೇಜಿನಲ್ಲಿ ಲೆಕ್ಕಪತ್ರ ಕಲಿಸುವ ಕೆಲಸ ಸಿಕ್ಕಿತಂತೆ.

ಹೊರಡುವ ಹಿಂದಿನ ದಿನ ಅಕ್ಕ ಹಟ ಹಿಡಿದು ಅವನನ್ನು ಮಧ್ಯಾಹ್ನದ ಊಟಕ್ಕೆ ಕರೆಸಿದರು. "ಈಗ ಯಾವ ನಿಯಮ ಇದೆ? ಬಂದು ಕೂತ್ಕೊ ಮಗಾ." ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಬೆಂಚಿನ ಮೇಲೆ ನಮ್ಮ ನಡುವೆ ಕೂತ. ಎಲ್ಲರೂ ತಮ್ಮ ಡಬ್ಬಿಯಿಂದ ಅವನ ತಟ್ಟೆಗೆ ಹಾಕಿದರು. ಆಮೇಲೆ ಏನಾಯಿತೋ, ಯಾರಿಗೂ ಮಾತೇ ಬರಲಿಲ್ಲ. ದಿನಾ ಗದ್ದಲ ಮಾಡುವ ಜನ, ಅವನು ಹೇಗೆ ತಿನ್ನುತ್ತಾನೆ, ಯಾವುದು ಇಷ್ಟ ಎಂದು ನೋಡುತ್ತ ಕೂತರು. ಅವನು ತಲೆ ತಗ್ಗಿಸಿ ಬೇಗ ಬೇಗ ತಿಂದ. ಏನು ಕೇಳಿದರೂ "ಚೆನ್ನಾಗಿದೆ, ಬಹಳ ಧನ್ಯವಾದಗಳು" ಎನ್ನುತ್ತಿದ್ದ, ಭಾಷಣ ಮಾಡುವವರ ಹಾಗೆ. ಕುಳ್ಳ ಒಂದು ಜೋಕ್ ಹೇಳಿದ. ಅವನು ಎಲ್ಲರೂ ನಕ್ಕು ಮುಗಿಸಿದ ಮೇಲೆ ನಕ್ಕ. ಜನರ ನಡುವೆ ಕೂರುವ ಅಭ್ಯಾಸವೇ ತಪ್ಪಿಹೋಗಿತ್ತು ಅವನಿಗೆ. ಬೆಲ್ ಹೊಡೆದಾಗ ಅವನಿಗೂ ನಮಗೂ ಉಸಿರು ಬಂತು.

ಗೇಟಿನ ತನಕ ಬಿಡಲು ಹೋದೆ. "ಬರ್ತಾ ಇರಿ" ಎಂದೆ.

"ಏನಂತ ಬರಲಿ?" ಎಂದ. ವ್ಯಂಗ್ಯ ಅಲ್ಲ, ನಿಜವಾಗಿಯೂ ಕೇಳಿದ. ಸಂಶೋಧನೆಯ ಪಾಸ್ ಮುಗಿದಿತ್ತು. ಬರುವವರೆಲ್ಲ ಕಾವಲುಗಾರನಿಗೆ ಕಾರಣ ಹೇಳಿ ಅವನ ಪುಸ್ತಕದಲ್ಲಿ ಬರೆಸಬೇಕಿತ್ತು. ಕಾವಲುಗಾರನೂ ತಲೆ ಎತ್ತಿ, "ಹೌದು ಮೇಸ್ತ್ರಿ, ಕೆಲಸ ಇಲ್ಲದವರನ್ನ ಒಳಗೆ ಬಿಡೋ ಹಾಗಿಲ್ಲ" ಎಂದ.

"ನನ್ನ ತಮ್ಮ ಅಂತ ಬರ್ಕೊಳ್ಳಯ್ಯಾ!" ಎಂದು ಅವನ ಮೇಲೆ ಹಾರಿಬಿದ್ದೆ. "ತಮ್ಮ ಅಣ್ಣನ್ನ ನೋಡೋಕೆ ಬಂದ ಅಂತ ಬರ್ಕೊ! ಯಾವನು ಕೇಳ್ತಾನೋ ನನ್ನ ಹತ್ತಿರ ಕಳಿಸು!"

ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ಡಾಕ್ಟರಪ್ಪ ನಗಲಿಲ್ಲ, ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದ, ಕಾರ್ಖಾನೆಯಲ್ಲಿ ನೋಡುತ್ತಿದ್ದ ಹಾಗಲ್ಲ. ಆಮೇಲೆ, "ಆಯ್ತು ಅಣ್ಣ" ಎಂದು ಮೆಲ್ಲಗೆ ಹೇಳಿ, ಬಸ್ ನಿಲ್ದಾಣದ ಕಡೆ ನಡೆದ.

ಇದಾಗಿ ಮೂರು ವರ್ಷ. ಇನ್ನೂ ಬಂದಿಲ್ಲ. ಕಾವಲುಗಾರ ಬದಲಾದಾಗಲೆಲ್ಲ ಹೊಸಬನಿಗೆ ನಾನು ಹೇಳಿಡುತ್ತೇನೆ, ಹೀಗೆ ಹೀಗೆ ಇದ್ದಾನೆ ನನ್ನ ತಮ್ಮ, ಬಂದರೆ ಕಾರಣ ಕೇಳಬೇಡ.