ಹೆರಿಗೆ ಆಸ್ಪತ್ರೆಯ ಗುಡುಗಕ್ಕ

ಹೆರಿಗೆ ಆಸ್ಪತ್ರೆಯ ಹಿರಿಯ ದಾದಿಗೆ ಹೆತ್ತವರಿಟ್ಟ ಹೆಸರೊಂದಿದ್ದರೂ ಎಲ್ಲರ ಬಾಯಲ್ಲೂ ಅವಳು ಗುಡುಗಕ್ಕನೇ. ವಾರ್ಡಿನ ಈ ತುದಿಯಲ್ಲಿ ಅವಳು ಗದರಿದರೆ ಆ ತುದಿಯ ಕೂಸು ಅಳು ನಿಲ್ಲಿಸುತ್ತದೆ ಎಂದು ಆಯಾಗಳು ನಗುತ್ತಿದ್ದರು.

ಚುನಾವಣೆ ಹತ್ತಿರವಾದಂತೆ ಹೊರದೇಶದಿಂದ ವಲಸೆ ಬಂದವರು ಸರ್ಕಾರಕ್ಕೆ ಕಣ್ಣೊಳಗಿನ ಕಸದಂತೆ ಚುಚ್ಚತೊಡಗಿದರು. ಕಾಗದಪತ್ರವಿಲ್ಲದವರು ಆಸ್ಪತ್ರೆಗೆ ಬಂದರೆ ಮೊದಲು ಪೊಲೀಸರಿಗೆ ತಿಳಿಸಬೇಕೆಂಬ ಆದೇಶ ಹೊರಟಿತು. ಗೇಟಿನ ಬಳಿ ಪೇದೆಯೊಬ್ಬ ಕುರ್ಚಿ ಹಾಕಿಕೊಂಡು ಕುಳಿತ. ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿಂದ ಬರುತ್ತಿದ್ದ ಬಸುರಿಯರು ಬರುವುದನ್ನೇ ಬಿಟ್ಟರು. ಅವರಲ್ಲೊಬ್ಬಳು ಶೆಡ್ಡಿನಲ್ಲೇ ಹೆತ್ತು, ರಕ್ತ ನಿಲ್ಲದೆ ತೀರಿಕೊಂಡಳೆಂಬ ಸುದ್ದಿ ಬಂದ ದಿನ ಗುಡುಗಕ್ಕ ಯಾರನ್ನೂ ಗದರಲಿಲ್ಲ.

ಮುಂದಿನ ವಾರ ಒಂದು ಮಧ್ಯಾಹ್ನ, ದಿನ ತುಂಬಿದವಳೊಬ್ಬಳು ಗಂಡನ ಹೆಗಲು ಹಿಡಿದು ಗೇಟಿನವರೆಗೆ ಬಂದು, ಪೇದೆಯನ್ನು ಕಂಡದ್ದೇ ಹಿಂದಕ್ಕೆ ತಿರುಗಿದ್ದು ಕಿಟಕಿಯಿಂದ ಕಾಣಿಸಿತು. ಗುಡುಗಕ್ಕ ಗಾಲಿಕುರ್ಚಿ ತಳ್ಳಿಕೊಂಡು ರಸ್ತೆಗೇ ಓಡಿದಳು.

ಪೇದೆ ಅಡ್ಡ ನಿಂತ. "ಅಕ್ಕಾ, ಪತ್ರ ನೋಡದೆ ಬಿಡೋ ಹಾಗಿಲ್ಲ. ಮೇಲಿನವರ ಆರ್ಡರ್. ನಂದೂ ಹೊಟ್ಟೆಪಾಡು."

"ನಿಂದು ಹೊಟ್ಟೆಪಾಡು, ಇವಳದು ಹೊಟ್ಟೆನೋವು. ಯಾವುದು ಮೊದಲು ಅಂತ ನಿಮ್ಮಮ್ಮನ್ನ ಕೇಳ್ಕೊಂಡು ಬಾ. ಈಗ ದಾರಿ ಬಿಡಪ್ಪ."

ಪೇದೆ ನೆಲ ನೋಡುತ್ತ ಸರಿದ. ಸಂಜೆಯೊಳಗೆ ಹೆಣ್ಣುಮಗು ಹುಟ್ಟಿತು. ಅಷ್ಟರಲ್ಲಿ ಹೊರಗೆ ಕಾಯುತ್ತಿದ್ದ ಗಂಡನನ್ನು ಪೊಲೀಸರು ವ್ಯಾನಿಗೆ ಹತ್ತಿಸಿ ಒಯ್ದಿದ್ದರು.

ಮರುದಿನ ಗುಡುಗಕ್ಕನನ್ನು ಅಮಾನತು ಮಾಡಿದರು.

"ನಿವೃತ್ತಿ ಹತ್ತಿರ ಬಂತು. ಊರ ಉಸಾಬರಿ ನಿನಗ್ಯಾಕೆ ಬೇಕಿತ್ತೇ?" ಎಂದು ಅವಳ ಗಂಡ ತಲೆ ಚಚ್ಚಿಕೊಂಡ.

"ಹೆರಿಗೆ ಮಾಡ್ಸೋದು ಉಸಾಬರಿ ಅಲ್ಲ ರೀ, ನನ್ನ ಕೆಲಸ. ಕೋರ್ಟಿಗೆ ಹೋಗ್ತೀನಿ. ಜೊತೆಗೆ ಬರ್ತೀರೋ, ಮನೇಲಿ ಕೂತು ಗೊಣಗ್ತೀರೋ?"

ಗೊಣಗುತ್ತಲೇ ಅವನು ಜೊತೆಗೆ ಹೋದ.

ಸರ್ಕಾರಿ ವಕೀಲರು ದೇಶದ ಭದ್ರತೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಗುಡುಗಕ್ಕ ಮಾತ್ರ ಮೊದಲ ಬಾರಿಗೆ ದನಿ ತಗ್ಗಿಸಿ ಹೇಳಿದಳು: "ಸ್ವಾಮಿ, ದೇಶದಲ್ಲಿ ಯಾರಿರಬೇಕು ಅನ್ನೋದನ್ನ ನೀವುಗಳು ತೀರ್ಮಾನ ಮಾಡಿ. ಆದ್ರೆ ನೋವು ತಿನ್ನೋಳು ಬಾಗಿಲ ಹೊರಗೆ ಸಾಯಬಾರದು." ಅದುವರೆಗೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡಿದ್ದ ಇತರ ದಾದಿಯರೂ ಒಬ್ಬರ ಹಿಂದೊಬ್ಬರು ಬಂದು ಸಾಕ್ಷಿ ನುಡಿದರು.

ಆಸ್ಪತ್ರೆಯ ಗೇಟಿನಲ್ಲಿ ಪೊಲೀಸರು ಇರಕೂಡದೆಂದು ತೀರ್ಪು ಬಂತು. ಗುಡುಗಕ್ಕ ಕೆಲಸಕ್ಕೆ ಮರಳಿದಳು. ಬಾಣಂತಿಯನ್ನು ದೇಶದಿಂದ ಹೊರಹಾಕದಂತೆ ತಡೆಯಾಜ್ಞೆಯೂ ಸಿಕ್ಕಿತು. ಅವಳ ಗಂಡ ಮಾತ್ರ ಇನ್ನೂ ಬಂಧನ ಕೇಂದ್ರದಲ್ಲೇ ಇದ್ದ.

ರಜೆಯ ದಿನ ಗುಡುಗಕ್ಕ ತಾಯಿ-ಮಗುವನ್ನು ಕರೆದುಕೊಂಡು ಅಲ್ಲಿಗೆ ಹೊರಟಳು.

"ಅಪ್ಪಂಗೆ ಮಗು ಮುಖ ತೋರಿಸೋಣ. ಆಮೇಲೆ ಸೀದಾ ವಕೀಲರ ಹತ್ರ. ಅಳಬೇಡ ತಾಯಿ, ಬಸ್ಸು ಬಂತು, ಹತ್ತು."